ಎಫ್ ಇಲ್ಲದ ಫ್ಯೂಸ್

ಆ ಮನುಷ್ಯ ದಿನಾ ಮಧ್ಯಾಹ್ನ ಒಂದೂವರೆಗೆ ನಿದ್ದೆಯಿಂದ ಏಳುತ್ತಿದ್ದ. ಮಂಚದ ಮೇಲೆ ಕೂತು ಮೈ ಮುರಿದು, ಟೋಪಿ ಹಾಕಿಕೊಂಡು, ಹೊರಗೆ ಹೋಗೋಣವೆಂದು ತಿರುಗಿದರೆ ಮನೆಗೆ ಬಾಗಿಲು ಇರುತ್ತಿರಲಿಲ್ಲ. ಬಾಗಿಲಿದ್ದ ಜಾಗದಲ್ಲಿ ಬಾಗಿಲಿನಷ್ಟೇ ಅಗಲದ ಬೆಳಕು ನಿಂತಿರುತ್ತಿತ್ತು. ಅಂಗಳದ ಕೆಸರಿನಲ್ಲಿ ಪುಟ್ಟ ಪುಟ್ಟ ಹೆಜ್ಜೆ ಗುರುತು. ಬಾಗಿಲು ತಾನೇ ಎದ್ದು ನಡೆದುಕೊಂಡು ಹೋಗಿಬಿಟ್ಟಿತ್ತು. ಅವನು ತಲೆ ಕೆರೆದುಕೊಂಡು ಟಿವಿಯ ಗಾಜಿನ ಒಳಗಿನಿಂದ ನಮ್ಮಿಬ್ಬರ ಕಡೆ ನೋಡುತ್ತಿದ್ದ. ನಾವೂ ಅವನ ಕಡೆ ನೋಡುತ್ತಿದ್ದೆವು.

ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ. ಮದುವೆಯಾಗಿ ಆಗ ಮೂರು ತಿಂಗಳು. ಎರಡು ಸಾವಿರದ ಇಸವಿ ಬಂದು ಹೋದ ಮರುವರ್ಷ. ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಮುಂದೆ ಅಂಗಡಿ, ನಡುವೆ ಒಂದು ಪರದೆ, ಪರದೆಯ ಹಿಂದೆ ಮನೆ. ಊಟದ ಹೊತ್ತಿಗೆ ಶಟರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಒಳಗೆ ಬರುತ್ತಿದ್ದೆ. ಹೊರಗೆ ಗಾಳಿ. ನಮ್ಮ ಕಡೆಯ ಗಾಳಿಗೆ ಹೊತ್ತು ಗೊತ್ತು ಇಲ್ಲ. ಶಟರಿನ ಸಂದಿಯಿಂದ ಧೂಳಿನ ಜೊತೆ ಬಿಸಿಲು ತೆವಳಿಕೊಂಡು ಬಂದು ಪರದೆಯ ಅಂಚಿನಲ್ಲಿ ಕೂತಿರುತ್ತಿತ್ತು. ಆ ಅರೆಗತ್ತಲೆಯಲ್ಲಿ ಟಿವಿ ಹಚ್ಚಿದರೆ ಮನೆಯೊಳಗೆ ಇನ್ನೊಂದು ಊರು ತೆರೆದುಕೊಂಡ ಹಾಗೆ ಆಗುತ್ತಿತ್ತು.

ಆ ಊರು ನಮ್ಮ ಮನೆಗೆ ಬಂದದ್ದು ಲಾರಿಯಲ್ಲಿ. ಬೊಂಬಾಯಿ ಕಡೆ ಓಡಾಡುವ ಒಬ್ಬ ಚಾಲಕ ಒಂದು ದಿನ ಬೂದು ಬಣ್ಣದ ಡಬ್ಬವೊಂದನ್ನು ತಂದು ನನ್ನ ಬೆಂಚಿನ ಮೇಲಿಟ್ಟ. ಟಿವಿಗೆ ಹಾಕಿ ಆಡುವ ಆಟದ ಡಬ್ಬ, ಜೊತೆಗೆ ಒಂದು ಸಿಡಿ. ಅಲ್ಲಿಯ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತಂತೆ. ಸಿಡಿ ಹಾಕಿದರೆ ತಿರುಗುತ್ತದೆ, ಓದುವುದಿಲ್ಲ, ಮುಂದಿನ ಟ್ರಿಪ್ಪಿಗೆ ಬರುತ್ತೇನೆ ನೋಡಿಟ್ಟಿರಿ ಅಂತ ಹೇಳಿ ಹೋದವನು ವರ್ಷ ಪೂರ್ತಿ ಈ ಕಡೆ ತಲೆ ಹಾಕಲಿಲ್ಲ.

ಬಿಚ್ಚಿ ನೋಡಿದೆ. ಒಳಗಿನ ಲೆನ್ಸು ಹಳಿ ಸವೆದು ಒಂದು ಕಡೆ ವಾಲಿತ್ತು. ಹೊಸದು ಎಲ್ಲಿ ಸಿಗುತ್ತದೆ? ಸುಮ್ಮನೆ ಡಬ್ಬವನ್ನು ಕವುಚಿ ಹಾಕಿ ನೋಡಿದೆ. ವಾಲಿದ ಲೆನ್ಸು ತನ್ನ ಭಾರಕ್ಕೆ ತಾನೇ ಸರಿಯಾಗಿ ಕೂತು ಸಿಡಿ ಓದಿತು. ಅವತ್ತಿನಿಂದ ಆ ಡಬ್ಬ ನಮ್ಮ ಮನೆಯಲ್ಲಿ ಬೆನ್ನು ಮೇಲೆ ಮಾಡಿ ಮಲಗಿಕೊಂಡೇ ಕೆಲಸ ಮಾಡಿತು.

ಹೊಡೆದಾಟ, ಓಡಾಟದ ಆಟ ಅದಲ್ಲ. ಟಿವಿಯ ಮೇಲೆ ಒಂದು ಬಾಣ ಇರುತ್ತದೆ. ಕೈಯಲ್ಲಿನ ಗುಂಡಿಯಿಂದ ಅದನ್ನು ಸರಿಸಬೇಕು. ಕೆಳಗೆ ಆರು ಇಂಗ್ಲಿಷ್ ಮಾತುಗಳು ಸಾಲಾಗಿ ಇರುತ್ತವೆ. ಒಂದು ಮಾತನ್ನು ಒತ್ತಿ, ಆಮೇಲೆ ಮೇಲಿನ ಚಿತ್ರದಲ್ಲಿ ಯಾವುದಾದರೂ ವಸ್ತುವನ್ನು ಒತ್ತಿದರೆ ಟೋಪಿಯ ಮನುಷ್ಯ ಅಲ್ಲಿಗೆ ನಡೆದುಹೋಗಿ ಏನೋ ಮಾಡುತ್ತಾನೆ. ಆಗದ ಕೆಲಸ ಹೇಳಿದರೆ ಭುಜ ಕುಣಿಸಿ ಏನೋ ಅನ್ನುತ್ತಾನೆ. ಕನ್ನಡಕ ಹಾಕಿದ ಕತ್ತೆ, ಊರುದ್ದ ಶಾಲು ಹೆಣೆಯುವ ಅಜ್ಜಿ, ಸೇತುವೆ ಕಾಯುವ ಬಾತುಕೋಳಿ, ಎಲ್ಲರೂ ಅವನ ಜೊತೆ ಮಾತಾಡುತ್ತಾರೆ. ಮಾತೆಲ್ಲ ಇಂಗ್ಲಿಷು. ಕೆಳಗೆ ಬರಹವೂ ಇಂಗ್ಲಿಷು.

ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿ.

ಜವನಗೊಂಡನಹಳ್ಳಿಯ ಶಾಲೆಗೆ ನನ್ನನ್ನು ಸೇರಿಸಿದಾಗ ನನಗೆ ಹತ್ತು ವರ್ಷ. ಅದಕ್ಕೆ ಮೊದಲು ಮನೆಯ ಕುರಿಗಳ ಹಿಂದೆ ಇದ್ದೆ. ಒಂದನೇ ತರಗತಿಯ ಮಣೆಯ ಮೇಲೆ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಕನ್ನಡ ಚೆನ್ನಾಗಿ ಕಲಿತೆ. ಆಗೆಲ್ಲ ಇಂಗ್ಲಿಷ್ ಬರುತ್ತಿದ್ದದ್ದು ಐದನೇ ತರಗತಿಗೆ. ಅದು ಬಂದು ದೊಡ್ಡ ಎ ಯಿಂದ ಝಡ್ ತನಕ ಮುಗಿಯುವ ಹೊತ್ತಿಗೆ ನಾನು ಶಾಲೆ ಬಿಟ್ಟು ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಕಲಿಯಲು ಕೂತಿದ್ದೆ. ನಮ್ಮ ಕೆಲಸಕ್ಕೆ ಓದು ಬೇಕಾಗಲಿಲ್ಲ. ಅಕ್ಕಿಕಾಳಿನಷ್ಟಿರುವ ಬಿಡಿಭಾಗಗಳ ಮೇಲೆ ಬಣ್ಣದ ಪಟ್ಟೆ ಇರುತ್ತವೆ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು. ಅದನ್ನು ಓದಲು ಬಂದರೆ ಆಯಿತು. ಇನ್ನು ಆನ್, ಆಫ್, ಫ್ಯೂಸ್, ಇನ್, ಔಟ್, ಇಂಥವನ್ನು ಅಕ್ಷರವಾಗಿ ಅಲ್ಲ, ಮುಖವಾಗಿ ಗುರುತಿಟ್ಟುಕೊಂಡಿದ್ದೆ. ನೆಂಟರನ್ನು ದೂರದಿಂದ ಗುರುತಿಸುತ್ತೀವಲ್ಲ, ಹಾಗೆ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯದು ಎಸ್ಸೆಲ್ಸಿ ಪಾಸಾಗಿದೆ ಅಂದರು. ನಮ್ಮ ಕಡೆಯಿಂದ ಬಂದಿದ್ದ ಸೋದರಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಏನೂ ಅಲ್ಲ ಎನ್ನುವ ಹಾಗೆ ಹೇಳಿಬಿಟ್ಟ.

"ನಮ್ ಹುಡ್ಗಂದೂ ಎಸ್ಸೆಲ್ಸಿ ಆಗೈತೆ ಬಿಡ್ರಿ."

ನಾನು ತಲೆ ಎತ್ತಲಿಲ್ಲ. ಅಲ್ಲ ಎನ್ನಲು ಆಗ ಒಂದು ಕ್ಷಣ ಇತ್ತು. ಆ ಕ್ಷಣದಲ್ಲಿ ಪರದೆಯ ಹಿಂದೆ ಬಳೆ ಸದ್ದಾಯಿತು. ನಾನು ಸುಮ್ಮನಾದೆ. ಮದುವೆಯೂ ಆಯಿತು.

ಅದಕ್ಕೇ ಮೊದಲ ಮಧ್ಯಾಹ್ನ ಅವಳು ಟಿವಿಯ ಕೆಳಗಿನ ಸಾಲನ್ನು ತೋರಿಸಿ ಇದೇನು ಬರೆದಿರೋದು ಅಂತ ಕೇಳಿದಾಗ ನಾನು ಟಿವಿಯ ಹತ್ತಿರಕ್ಕೆ ಸರಿದು ಕೂತೆ. ಅವಳು ಓದಿದವಳು, ತನಗೆ ಗೊತ್ತಿಲ್ಲದೆ ಕೇಳಿದಳೋ, ಗಂಡನಿಗೆ ಮರ್ಯಾದೆ ಕೊಟ್ಟು ಕೇಳಿದಳೋ ತಿಳಿಯಲಿಲ್ಲ. ಆರು ಮಾತುಗಳಲ್ಲಿ ಎರಡರ ಮುಖ ಎಲ್ಲೋ ನೋಡಿದ ಹಾಗಿತ್ತು. ಒಂದು ಪಿಕಪ್. ಮಾರಿಕಣಿವೆ ಅಣೆಕಟ್ಟಿನ ಕೆಳಗೆ ಹೊಳೆಗೆ ಅಡ್ಡ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸುವ ಕಟ್ಟೆಗೆ ನಮ್ಮ ಕಡೆ ಎಲ್ಲರೂ ಪಿಕಪ್ ಅಂತಲೇ ಅನ್ನುವುದು. ಅಲ್ಲಿಯ ಹಳೇ ಬೋರ್ಡಿನಲ್ಲಿ ಮೇಲೆ ಇಂಗ್ಲಿಷು, ಕೆಳಗೆ ಕನ್ನಡ ಇತ್ತು. ಅದೇ ಮುಖ ಇದು, ಅನುಮಾನವೇ ಇಲ್ಲ. ಇನ್ನೊಂದು ಯು, ಎಸ್, ಇ. ಅದು ಫ್ಯೂಸ್. ಮುಂದಿನ ಎಫ್ ಅಳಿಸಿಹೋಗಿದೆ. ಹಳೇ ರೇಡಿಯೋಗಳಲ್ಲಿ ಬೆರಳು ತಾಗಿ ತಾಗಿ ಒಂದೊಂದು ಅಕ್ಷರ ಅಳಿಸಿಹೋಗುವುದು ಮಾಮೂಲು.

"ಇದು ಪಿಕಪ್ಪು. ನೀರಿಂದು. ಇದು ಫ್ಯೂಸು, ಎರಡನ್ನ ಸೇರ್ಸೋದು" ಅಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಹಂಗಾದ್ರೆ ನೀರು ಹುಡ್ಕಾಣ ಅಂದಳು.

ಆ ಮನುಷ್ಯನ ಅಂಗಳದಲ್ಲಿ ಒಂದು ಬಾವಿ ಇತ್ತು. ಪಿಕಪ್ ಒತ್ತಿ ಬಾವಿಯ ಮೇಲೆ ಬಾಣ ಇಟ್ಟೆ. ಬಾಣ ಹೋಗಿ ಕಟ್ಟೆಯ ಮೇಲಿದ್ದ ಬಕೆಟ್ಟಿಗೆ ತಾಗಿರಬೇಕು. ಅವನು ನಡೆದುಹೋಗಿ ನೀರು ತುಂಬಿದ ಬಕೆಟ್ಟನ್ನು ಎತ್ತಿ ತನ್ನ ಕೋಟಿನ ಜೇಬಿನೊಳಗೆ ಇಳಿಸಿಕೊಂಡ. ಆ ಜೇಬಿಗೆ ತಳವೇ ಇರಲಿಲ್ಲ. ನನ್ನ ಮಾತು ಸಾಬೀತಾಯಿತು.

ಅವತ್ತಿನಿಂದ ನಮ್ಮದೊಂದು ಪದ್ಧತಿ ಬಂತು. ಏನು ಬೇಕಾದರೂ ಮೊದಲು ಅದರ ಮೇಲೆ ನೀರು ಸುರಿಯಬೇಕು. ಬಕೆಟ್ಟಿಗೂ ಹಗ್ಗಕ್ಕೂ ಫ್ಯೂಸ್ ಹಾಕಿದರೆ ಅವನು ಹಗ್ಗವನ್ನು ನೆನೆಸುತ್ತಿದ್ದ. ನೆನೆದ ಹಗ್ಗದ ಮೇಲೆ ಪಿಕಪ್ ಒತ್ತಿದರೆ ಹಗ್ಗ ಜೇಬಿಗೆ ಬರುತ್ತಿತ್ತು. ರೊಟ್ಟಿಗೂ ಹಾಗೇ, ಏಣಿಗೂ ಹಾಗೇ. ಅಜ್ಜಿಯ ಶಾಲನ್ನು ನೆನೆಸಿದಾಗ ಅವಳು ಸೂಜಿ ಎತ್ತಿಕೊಂಡು ಊರೆಲ್ಲ ಅಟ್ಟಿಸಿಕೊಂಡು ಬಂದಳು. ಕತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡಿತು. ಒಂದು ಊರನ್ನೇ ತೋಯಿಸಿಬಿಟ್ಟೆವು. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆಟ ನೋಡಿ ನಗುತ್ತಾಳೆ ಅಂತ ನಾನು ತಿಳಿದಿದ್ದೆ.

ಮಾತುಗಳಿಗೂ ನಾನೇ ಅರ್ಥ ಹೇಳುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ಅವರ ಕೈ, ಹುಬ್ಬು, ಬಾಯಿ ನೋಡಿಕೊಂಡು ತೋಚಿದ್ದನ್ನು ಹೇಳುವುದು. ಈ ಮನುಷ್ಯನಿಗೆ ಮದುವೆ ಗೊತ್ತಾಗಿದೆ, ಬಾಗಿಲಿಲ್ಲದ ಮನೆಗೆ ಹೆಣ್ಣು ಕೊಡುವುದಿಲ್ಲ ಅಂದಿದ್ದಾರೆ, ಅದಕ್ಕೇ ಹುಡುಕಿಕೊಂಡು ಹೊರಟಿದ್ದಾನೆ ಅಂದೆ. ಬಾಗಿಲಿಗೆ ಯಾಕೆ ಮನೆ ಬಿಟ್ಟು ಹೋಗಬೇಕೆನಿಸಿತು ಅಂತ ಅವಳು ಕೇಳಿದಳು. ಬಂದವರೆಲ್ಲ ತನ್ನನ್ನು ತಳ್ಳಿಕೊಂಡೇ ಒಳಗೆ ಹೋಗುತ್ತಾರೆ, ತನ್ನನ್ನು ಯಾರೂ ಒಳಗೆ ಕರೆಯುವುದಿಲ್ಲ ಅಂತ ಬೇಜಾರಂತೆ ಅಂದೆ. ಅದು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಹಾಗೆ ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು.

ಆಟವನ್ನು ನಿಂತ ಕಡೆಗೇ ಉಳಿಸಿಡಲು ಡಬ್ಬಕ್ಕೆ ಸಿಕ್ಕಿಸುವ ಬೇರೊಂದು ಬಿಲ್ಲೆ ಬೇಕು, ಅದು ನಮ್ಮಲ್ಲಿರಲಿಲ್ಲ. ಹೀಗಾಗಿ ಆರಿಸಿದರೆ ಎಲ್ಲ ಮೊದಲಿಗೆ ಹೋಗುತ್ತಿತ್ತು. ದಿನಾ ಮಧ್ಯಾಹ್ನ ಅವನು ಮತ್ತೆ ಏಳಬೇಕು, ಬಾಗಿಲು ಮತ್ತೆ ಹೋಗಿರಬೇಕು, ಊರು ಮತ್ತೆ ಒಣಗಿರಬೇಕು. ಆ ತಿಂಗಳುಗಳನ್ನು ನೆನೆದರೆ ಎಲ್ಲವೂ ಒಂದೇ ಒಂದು ಉದ್ದದ ಮಧ್ಯಾಹ್ನದ ಹಾಗೆ ಕಾಣುತ್ತದೆ. ಎಲೆಅಡಿಕೆಯ ವಾಸನೆ, ಮಜ್ಜಿಗೆಯ ಲೋಟದ ತಣ್ಣನೆ ತಳ, ಹೊರಗೆ ಧರ್ಮಪುರದ ಬಸ್ಸು ಹತ್ತಿಸಿಕೊಳ್ಳುವವನ ಕೂಗು ಗಾಳಿಗೆ ಸಿಕ್ಕಿ ಅರ್ಧ ಕನ್ನಡ ಅರ್ಧ ತೆಲುಗಾಗಿ ಒಳಗೆ ಬರುವುದು. ನಾನು ನಿನ್ನೆ ಹೇಳಿದ ಅರ್ಥವನ್ನು ಇವತ್ತು ಮರೆತಿರುತ್ತಿದ್ದೆ. ಅಜ್ಜಿ ಹೂ ಮಾರುವವಳು ಅಂದರೆ ನನ್ನ ಹೆಂಡತಿ ಮೆತ್ತಗೆ, ನಿನ್ನೆ ಅವ್ನ ಸೋದರತ್ತೆ ಅಂದಿದ್ರಿ ಅನ್ನುವಳು. ಸೋದರತ್ತೆಯೇ, ಹೂವನ್ನೂ ಮಾರುತ್ತಾಳೆ ಅನ್ನುತ್ತಿದ್ದೆ. ಸರಿ ಬಿಡ್ರಿ ಅನ್ನುವಳು.

ಹೀಗೆ ದಿನಾ ನಡೆದು ನಡೆದು ಸೇತುವೆಯ ತನಕ ಬರುತ್ತಿದ್ದೆವು. ಅಲ್ಲಿ ಬಾತುಕೋಳಿ. ಪೇಟ ಕಟ್ಟಿಕೊಂಡು, ಬಗಲಲ್ಲಿ ಕೋಲು ಹಿಡಿದು ಅಡ್ಡ ನಿಂತು ಏನೋ ಒಂದು ಪ್ರಶ್ನೆ ಕೇಳುತ್ತಿತ್ತು. ಉತ್ತರಕ್ಕೆ ನಾಲ್ಕು ಸಾಲು. ಮೊದಲ ಮೂರು ಸಾಲಿನಲ್ಲಿ ಅಂಕಿ. ನೂರು, ಐನೂರು, ಸಾವಿರ. ಅಂಕಿ ನನಗೆ ಬರುತ್ತದೆ. ನಾಲ್ಕನೆಯ ಸಾಲು ಬರೀ ಅಕ್ಷರ.

ಮದುವೆಗೆ ಎಷ್ಟು ಜನ ಬರುತ್ತೀರಿ, ಅಡಿಗೆಗೆ ಹೇಳಬೇಕು ಅಂತ ಕೇಳುತ್ತಿದೆ ಅಂದೆ. ನೂರು ಒತ್ತಿದರೆ ಬಾತು ಕೋಲಿನಿಂದ ಅವನನ್ನು ಹೊಳೆಗೆ ತಳ್ಳಿತು. ಐನೂರಕ್ಕೂ ತಳ್ಳಿತು. ಸಾವಿರಕ್ಕೂ ತಳ್ಳಿತು. ಒದ್ದೆಯಾಗಿ ಎದ್ದು ಬಂದ ಅವನ ಮೇಲೆ ನಾನು ಪಿಕಪ್ ಒತ್ತಿ ನೋಡಿದೆ. ಅವನು ತನ್ನ ಕಾಲರನ್ನು ತಾನೇ ಹಿಡಿದು ಎತ್ತಿಕೊಳ್ಳಲು ಹೋಗಿ ಮತ್ತೆ ಬಿದ್ದ.

"ನಾಕನೇದು ಒಂದ್ಸಲ ನೋಡ್ರಲ್ಲ" ಅಂದಳು ಅವಳು.

ಅದನ್ನು ಒತ್ತಿದರೆ ಓದಿ ಹೇಳಬೇಕಾಗುತ್ತದೆ. ಅದು ಉತ್ತರವಲ್ಲ, ಬಾತಿನ ಹೆಸರು, ವಿಳಾಸ ಅಂದೆ.

"ಬಾತಿಗೂ ವಿಳಾಸ ಇರುತ್ತಾ?"

"ಸರ್ಕಾರಿ ಬಾತು" ಅಂದೆ.

ಅವಳು ಗೋಡೆಯ ಕಡೆ ತಿರುಗಿಕೊಂಡಳು. ಭುಜ ಅಲುಗುತ್ತಿತ್ತು. ಅದು ನಗು ಅಂತ ಆಗ ನನಗೆ ಹೊಳೆಯಲಿಲ್ಲ, ಸಿಟ್ಟು ಅಂದುಕೊಂಡೆ. ತಿಂಗಳಾನುಗಟ್ಟಲೆ ನಾವು ಆ ಸೇತುವೆಯಿಂದ ಆಚೆ ಹೋಗಲಿಲ್ಲ.

ಆಗ ಅವಳ ಅಣ್ಣನ ಕಾಗದ ಬಂತು. ಹೊಸದುರ್ಗದ ಹತ್ತಿರ ಒಂದು ಶಾಲೆಯಲ್ಲಿ ಅವನು ಮೇಷ್ಟ್ರು. ಕಲಿಸುತ್ತಿದ್ದದ್ದು ಇಂಗ್ಲಿಷನ್ನೇ. ಹಿರಿಯೂರಿನಲ್ಲಿ ಮೇಷ್ಟ್ರುಗಳಿಗೆ ಎರಡು ದಿನದ ತರಬೇತಿ ಇದೆ, ನಿಮ್ಮಲ್ಲೇ ಉಳಿಯುತ್ತೇನೆ, ನೀನು ಬರೆದಿದ್ದ ಆ ಆಟವನ್ನೂ ನೋಡಬೇಕು ಅಂತ ಬರೆದಿದ್ದ. ಅವಳು ಸಂತೋಷದಿಂದ ಓದಿ ಹೇಳಿದಳು. ನಾನು ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಬೆರಳಿಗೇ ಇಟ್ಟುಕೊಂಡೆ.

ಅವನು ಟಿವಿಯ ಮುಂದೆ ಕೂತು ಒಂದು ಸಾಲು ಓದಿದರೆ ಸಾಕು. ಸೋದರತ್ತೆ ಇರುವುದಿಲ್ಲ, ಮದುವೆ ಇರುವುದಿಲ್ಲ, ಪಿಕಪ್ ಇರುವುದಿಲ್ಲ. ನಿನ್ನ ಗಂಡ ನಿನಗೆ ಮೊದಲ ದಿನದಿಂದ ಸುಳ್ಳು ಹೇಳಿದ್ದಾನೆ ಎನ್ನುವುದು ಮಾತ್ರ ಉಳಿಯುತ್ತದೆ. ಆಟದ್ದು ಬಿಡಿ, ಮದುವೆಯದ್ದು.

ಅವನು ಬರುವ ದಿನ ಬೆಳಿಗ್ಗೆ ಅವಳು ನೀರು ಹಿಡಿಯಲು ಹೋಗಿದ್ದಾಗ ಡಬ್ಬ ಬಿಚ್ಚಿ ಒಳಗಿನ ಫ್ಯೂಸನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಷ್ಟು ವರ್ಷದಲ್ಲಿ ಕೆಟ್ಟದ್ದನ್ನು ಸರಿ ಮಾಡಿದ್ದೆನೇ ಹೊರತು ಸರಿ ಇದ್ದದ್ದನ್ನು ಕೆಡಿಸಿರಲಿಲ್ಲ. ಗಾಜಿನ ಆ ಚೂರು ಒಂದು ಭತ್ತದ ಕಾಳಿನಷ್ಟು ಭಾರವೂ ಇಲ್ಲ. ಆದರೂ ಎರಡು ದಿನ ಅಂಗಿ ಒಂದು ಕಡೆಗೆ ಜಗ್ಗಿದ ಹಾಗೆ ಇತ್ತು.

ಡಬ್ಬ ಹತ್ತಲಿಲ್ಲ. ಅಣ್ಣ ನಕ್ಕ.

"ಏನ್ ಬಾವ, ಊರೋರ್ದೆಲ್ಲ ರಿಪೇರಿ ಮಾಡ್ತೀರಿ, ನಿಮ್ ಮನೇದೇ ಕೆಟ್ಟೈತಲ್ಲ."

ಲೆನ್ಸು ಹೋಯಿತು, ಸಾಮಾನು ಸಿಗುವುದಿಲ್ಲ ಅಂದೆ. ರಿಪೇರಿ ಆಗೋದೇ ಇಲ್ಲವಾ ಅಂತ ನನ್ನ ಹೆಂಡತಿ ಕೇಳಿದಳು. ಆಗಲ್ಲ ಅಂದು ಭುಜ ಕುಣಿಸಿದೆ. ಅದು ಟೋಪಿಯವನ ಭುಜ ಅಂತ ಕುಣಿಸಿದ ಮೇಲೆ ಗೊತ್ತಾಯಿತು.

ಆಟ ಇಲ್ಲದೆ ಮಾತಿಗೆ ಹೊತ್ತು ಸಿಕ್ಕಿತು. ಅದು ಇನ್ನೂ ಕೆಟ್ಟದಾಯಿತು. ಅಣ್ಣ ಒಳ್ಳೆಯ ಮನುಷ್ಯ, ಮೇಷ್ಟ್ರುಗಳ ಹಾಗೆ ಎಲ್ಲರ ಶಾಲೆ ಕೇಳುತ್ತಾನೆ. ನೀವು ಎಸ್ಸೆಲ್ಸಿ ಎಲ್ಲಿ ಮಾಡಿದ್ದು ಅಂತ ಕೇಳಿದ. ದೂರದ್ದೇ ಹೇಳೋಣವೆಂದು ಧರ್ಮಪುರ ಅಂದೆ. ಅವನ ಮುಖ ಅರಳಿತು. ಅಲ್ಲಿ ತನ್ನ ಗೆಳೆಯನೊಬ್ಬ ಬಹಳ ವರ್ಷದಿಂದ ಮೇಷ್ಟ್ರಾಗಿದ್ದಾನೆ, ನಿಮಗೂ ಕಲಿಸಿರಬೇಕು, ಕೇಳುತ್ತೇನೆ ಅಂದ. ಪರದೆಯ ಆಚೆ ನನ್ನ ಹೆಂಡತಿ ರೊಟ್ಟಿ ತಟ್ಟುವ ಸದ್ದು ಒಂದು ಸಲ ನಿಂತು ಮತ್ತೆ ಶುರುವಾಯಿತು.

ಅಣ್ಣ ಹೋದ ಮೇಲೂ ನಾನು ಫ್ಯೂಸ್ ಹಾಕಲಿಲ್ಲ. ಹಾಕಿದರೆ ಹೇಗೆ ಸರಿಯಾಯಿತು ಅಂತ ಹೇಳಬೇಕು. ದಿನಾ ಒಂದೂವರೆಗೆ ನಾವಿಬ್ಬರೂ ಅಭ್ಯಾಸಕ್ಕೆ ಟಿವಿಯ ಮುಂದೆ ಬಂದು ಕೂರುತ್ತಿದ್ದೆವು. ಕಪ್ಪು ಗಾಜಿನಲ್ಲಿ ನಾವಿಬ್ಬರೇ ಕಾಣುತ್ತಿದ್ದೆವು. ಅವನು ಎದ್ದಿರಬಹುದೇ, ಬಾಗಿಲು ಹೋಗಿದ್ದು ನೋಡಿರಬಹುದೇ ಅಂತ ಅವಳು ಒಂದು ದಿನ ತನ್ನಷ್ಟಕ್ಕೆ ಅಂದುಕೊಂಡಳು. ಹೊರಗೆ ಅಂಚೆಯವನ ಸೈಕಲ್ ಗಂಟೆ ಆದಾಗಲೆಲ್ಲ ಶಟರಿನ ಸಂದಿಯ ಕಡೆ ನೋಡುತ್ತಿದ್ದೆ. ಧರ್ಮಪುರದ ಮೇಷ್ಟ್ರು ಏನು ಹೇಳಿದ ಎನ್ನುವ ಕಾಗದ ಇವತ್ತು ಬರುತ್ತದೆ, ನಾಳೆ ಬರುತ್ತದೆ.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಅವಳು ಮಜ್ಜಿಗೆ ತಂದುಕೊಟ್ಟು ಕೂತಳು. ನಾನು ಜೇಬಿನಿಂದ ಫ್ಯೂಸ್ ತೆಗೆದು ಅವಳ ಮುಂದೆ ನೆಲದ ಮೇಲಿಟ್ಟೆ.

"ಲೆನ್ಸು ಕೆಟ್ಟಿರ್ಲಿಲ್ಲ. ನಾನೇ ಇದನ್ನ ತೆಗ್ದಿದ್ದೆ" ಅಂದೆ. "ನಂದು ಎಸ್ಸೆಲ್ಸಿ ಆಗಿಲ್ಲ. ಐದನೇ ಕ್ಲಾಸೂ ಪೂರ್ತಿ ಇಲ್ಲ. ಆ ಆಟದಾಗೆ ಬರ್ದಿರೋದು ನಂಗೊಂದೂ ಬರಲ್ಲ. ಎಲ್ಲ ನಾನೇ ಕಟ್ಟಿ ಹೇಳಿದ್ದು."

ಅವಳು ಫ್ಯೂಸನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಒಳಗಿನ ತಂತಿಯನ್ನು ನೋಡಿದಳು.

"ಇಂಗ್ಲಿಷ್ ಬರಲ್ಲ ಅನ್ನೋದು ಮೊದಲ್ನೇ ದಿನ್ವೇ ಗೊತ್ತಾತು. ಪಿಕಪ್ ಅಂದ್ರೆ ಎತ್ಕೋ ಅಂತ. ಎಂಟನೇ ಕ್ಲಾಸ್ ಪುಸ್ತಕದಾಗೆ ಐತೆ."

"ಮತ್ತೆ ಹೇಳ್ಬೇಕಿತ್ತಲ್ಲ."

"ಹೇಳಿದ್ರೆ ಕತೆ ಹೇಳೋದು ಬಿಡ್ತಿದ್ರಿ."

ನಾನು ನಗಬಹುದು ಅಂದುಕೊಂಡೆ. ಅವಳ ಮುಖದಲ್ಲಿ ನಗು ಇರಲಿಲ್ಲ. ನಾನು ಎಸ್ಸೆಲ್ಸಿ ಕಟ್ಟಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾಗಿರಬೇಕು, ನಮ್ಮ ಕಡೆ ಯಾರದ್ದು ಹೋಗಿಲ್ಲ ಅಂತ ಅವಳು ತಿಳಿದಿದ್ದಳಂತೆ. ಪೂರ್ತಿ ಸುಳ್ಳು ಅಂತ ತಿಳಿದಿರಲಿಲ್ಲ. ಅದನ್ನು ಹೇಳಿ ಫ್ಯೂಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಓದ್ಲಿಲ್ಲ ಅಂತಲ್ಲ" ಅಂದಳು ಕೊನೆಗೆ. "ಹದಿನೈದು ದಿನ ನನ್ನ ಪಕ್ಕ ಕುಂತ್ಕಂಡು, ಆಗಲ್ಲ ಅಂದ್ರಲ್ಲ. ಜೇಬಿನಾಗೆ ಇಟ್ಕಂಡು."

ಎದ್ದು ಒಳಗೆ ಹೋದಳು. ಸಂಜೆ ಅಂಗಡಿಯಲ್ಲಿ ಧರ್ಮಪುರದವರೊಬ್ಬರ ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದೆ. ಕಂದು ಒಂದೋ ಎರಡೋ ಅಂತಲೇ ಮರೆತುಹೋಯಿತು. ಪರದೆಯ ಹಿಂದಿನಿಂದ ಒಂದು ಸದ್ದೂ ಇಲ್ಲ. ಟೋಪಿಯವನ ಮನೆಯ ಆ ಬಾಗಿಲಿನಷ್ಟೇ ಅಗಲದ ಬೆಳಕು ನನ್ನ ಕಣ್ಣಿಗೆ ಕಟ್ಟಿತು. ಹೋದದ್ದು ಹೋದ ಮೇಲೂ ಅದರ ಅಳತೆ ಹಾಗೇ ನಿಂತಿರುತ್ತದೆ.

ಮರುದಿನ ಬೆಳಿಗ್ಗೆ ಅವಳು ಒಂದು ಇನ್‌ಲ್ಯಾಂಡ್ ಕಾಗದವನ್ನು ಅಂಟಿಸದೆ ನನ್ನ ಕೈಗೆ ಕೊಟ್ಟು ಅಂಚೆಗೆ ಹಾಕಿರಿ ಅಂದಳು. ಅಣ್ಣನಿಗೆ ಬರೆದದ್ದು. ಓದಲಿ ಅಂತಲೇ ಅಂಟಿಸಿರಲಿಲ್ಲ. ಕನ್ನಡ ನನಗೆ ಬರುತ್ತದೆ. ಮಳೆ, ಬೆಳೆ, ಅಮ್ಮನ ಕಾಲುನೋವು ಎಲ್ಲ ಆದ ಮೇಲೆ ಕೊನೆಗೆ ಎರಡು ಸಾಲು ಇದ್ದವು. ಧರ್ಮಪುರದಲ್ಲಿ ಯಾರನ್ನೂ ಕೇಳಬೇಡ, ಇವರು ಓದಿರುವುದು ಐದನೇ ತರಗತಿ. ಮುಂದೆ ಓದುತ್ತಾರೆ.

ಆ ಕಡೆಯ ಸಾಲನ್ನು ಅಂಚೆ ಡಬ್ಬದ ಮುಂದೆ ನಿಂತು ಎಷ್ಟು ಸಲ ಓದಿದೆನೋ. ನನ್ನನ್ನು ಕೇಳಿರಲಿಲ್ಲ, ಗೊತ್ತು ಮಾಡಿ ಬರೆದುಬಿಟ್ಟಿದ್ದಳು. ಅಂಟಿಸಿ ಹಾಕಿದೆ. ಒಳಗೆ ಬಿದ್ದ ಸದ್ದು ಕೇಳುವ ತನಕ ನಿಂತಿದ್ದೆ.

ಅವತ್ತು ಮಧ್ಯಾಹ್ನ ಶಟರ್ ಇಳಿಸಿ ಬಂದರೆ ಅವಳು ಟಿವಿಯ ಮುಂದೆ ಕೂತಿದ್ದಳು. ಅಂಗೈ ಚಾಚಿದಳು. ಅಂಗೈಯಲ್ಲಿ ಫ್ಯೂಸ್.

"ಹಾಕ್ರಿ."

ಅವನು ಎದ್ದ. ಟೋಪಿ ಹಾಕಿಕೊಂಡ. ಬಾಗಿಲು ಹೋಗಿತ್ತು. ಬಾವಿಯ ಕಡೆ ಬಾಣ ತಿರುಗಿಸಲು ಹೋದೆ, ಅವಳು ನನ್ನ ಕೈಯಿಂದ ಗುಂಡಿ ತೆಗೆದುಕೊಂಡು ನೇರವಾಗಿ ಹಗ್ಗದ ಮೇಲೆ ಪಿಕಪ್ ಒತ್ತಿದಳು. ಒಣಗಿದ ಹಗ್ಗ ಹಾಗೇ ಜೇಬಿಗೆ ಬಂತು. ರೊಟ್ಟಿಯೂ ಒಣಗಿದ್ದೇ ಬಂತು. ಆ ಊರು ಒಂದು ಹನಿ ನೀರಿಲ್ಲದೆ ನಮಗೆ ದಾರಿ ಬಿಟ್ಟಿತು. ನನಗೆ ನಾಚಿಕೆಯೂ ಆಯಿತು, ಆ ಒದ್ದೆ ಊರು ಇನ್ನಿಲ್ಲವಲ್ಲ ಅಂತ ಸ್ವಲ್ಪ ದುಃಖವೂ ಆಯಿತು. ಅಜ್ಜಿಯ ಹತ್ತಿರ ಬಂದಾಗ ಅವಳು ತಡೆದು, ಈಕೆಯನ್ನು ಮಾತ್ರ ನೆನೆಸೋಣ ಅಂದಳು. ವಾಪಸ್ ಬಾವಿಗೆ ಹೋಗಿ ಬಕೆಟ್ ತಂದು ನೆನೆಸಿದೆವು. ಅಜ್ಜಿ ಸೂಜಿ ಹಿಡಿದು ಅಟ್ಟಿಸಿಕೊಂಡು ಬಂದಳು. ಹಿಂದಿನ ದಿನದಿಂದ ಬಿಗಿದುಕೊಂಡಿದ್ದ ನನ್ನ ಹೆಂಡತಿಯ ಬಾಯಿ ಆಗ ಸಡಿಲವಾಯಿತು.

ಸೇತುವೆ ಬಂತು. ಬಾತು ಕೇಳಿತು. ಅವಳು ಒಂದೊಂದೇ ಮಾತನ್ನು ಬೆರಳಿಟ್ಟು ಓದಿ, ಗೊತ್ತಿಲ್ಲದ ಕಡೆ ತನ್ನ ಹಳೇ ಪುಸ್ತಕ ತಿರುವಿ ಹೇಳಿದಳು. ನನ್ನ ಮೈಮೇಲೆ ಎಷ್ಟು ಗರಿ ಅವೆ ಅಂತ ಕೇಳುತ್ತಿದೆ. ನೂರಾ, ಐನೂರಾ, ಸಾವಿರವಾ. ನಾಲ್ಕನೆಯ ಸಾಲಿಗೆ ಬಂದು ನಿಲ್ಲಿಸಿದಳು.

"ಇದೇನಂತೆ?" ಅಂದೆ.

"ನಂಗೊತ್ತಿಲ್ಲ."

"ಪುಸ್ತಕದಾಗೆ ನೋಡು ಮತ್ತೆ."

"ಹಂಗಲ್ಲ. ಅಲ್ಲಿ ಬರ್ದಿರೋದೇ ಅದು. ನಂಗೊತ್ತಿಲ್ಲ ಅಂತ."

ಗುಂಡಿಯನ್ನು ನನ್ನ ಕೈಗೆ ಕೊಟ್ಟಳು. ನಾನು ನಾಲ್ಕನೆಯದನ್ನು ಒತ್ತಿದೆ. ಬಾತು ಕೋಲು ಕೆಳಗಿಟ್ಟು, ಪೇಟ ತೆಗೆದು ಬಗ್ಗಿ ಪಕ್ಕಕ್ಕೆ ಸರಿಯಿತು. ಅವನು ಸೇತುವೆ ದಾಟಿ ಮಂಜಿನೊಳಗೆ ನಡೆಯುತ್ತಾ ಹೋದ. ದೂರದಲ್ಲಿ ಗುಡ್ಡದ ಮೇಲೆ ಏನೋ ನೆಟ್ಟಗೆ, ಒಂಟಿಯಾಗಿ ನಿಂತಿತ್ತು. ಬಾಗಿಲೋ ಏನೋ. ಅಷ್ಟರಲ್ಲಿ ಎಲ್ಲ ಕಪ್ಪಾಗಿ ಒಂದು ಸಾಲು ಮೂಡಿತು. ಎರಡನೇ ಸಿಡಿ ಹಾಕಿ ಅಂತ ಬರೆದಿದೆ ಅಂದಳು. ಎರಡನೇ ಸಿಡಿ ನಮ್ಮ ಹತ್ತಿರ ಇರಲಿಲ್ಲ. ಲಾರಿಯವನು ಕೊಟ್ಟಿದ್ದೇ ಒಂದು.

ಆಮೇಲೆ ಅದೇ ಟಿವಿಯ ಮುಂದೆ, ಅದೇ ಹೊತ್ತಿನಲ್ಲಿ ಅವಳು ನನಗೆ ಎಂಟನೇ ತರಗತಿಯ ಪುಸ್ತಕದಿಂದ ಪಾಠ ಶುರು ಮಾಡಿದಳು. ಅವಳ ಅಣ್ಣ ಬಂದು ಒಂದು ಮಾತೂ ಎತ್ತದೆ ವ್ಯಾಕರಣದ ಪುಸ್ತಕ ಕೊಟ್ಟು ಹೋದ. ಮುಂದೆ ಹೊರಗಿನಿಂದ ಎಸ್ಸೆಲ್ಸಿ ಕಟ್ಟಿದೆ. ಪರೀಕ್ಷೆಯ ದಿನ ನನ್ನನ್ನು ನೋಡಿ ಮೇಲ್ವಿಚಾರಣೆಯವರೇ ಬಂದರೆಂದು ಮಕ್ಕಳೆಲ್ಲ ಎದ್ದು ನಿಂತರು. ಇಂಗ್ಲಿಷ್ ಮೊದಲ ಸಲ ಹೋಯಿತು, ಎರಡನೇ ಸಲ ಬಂತು. ಇದನ್ನು ಈಗ ಒಂದೇ ಬೆರಳಿನಲ್ಲಿ ಟೈಪ್ ಮಾಡುವಾಗಲೂ ಕೀಲಿಮಣೆಯಲ್ಲಿ ಎಫ್ ಕಂಡರೆ, ಓ ಇಲ್ಲಿದ್ದೀಯಾ ಅನ್ನಿಸುತ್ತದೆ.

ಆದರೆ ನಾನು ಹೇಳಬೇಕಾದ್ದು ಲಾರಿಯವನದ್ದು. ಅಣ್ಣ ವ್ಯಾಕರಣ ಕೊಟ್ಟು ಹೋದ ಕೆಲವು ದಿನಗಳಲ್ಲೇ ಅವನು ಬಂದ. ಡಬ್ಬದ ನೆನಪೇ ಇರಲಿಲ್ಲ, ಟೇಪ್‌ರೆಕಾರ್ಡರ್ ತೋರಿಸಲು ಬಂದಿದ್ದ. ನಾನೇ ನೆನಪಿಸಿದೆ. ನಮಗ್ಯಾತಕ್ಕೆ ಅದು, ನೀನೇ ಇಟ್ಕಳಪ್ಪ ಅಂದ. ಅದರ ಇನ್ನೊಂದು ಸಿಡಿ ಇತ್ತಾ ಅಂತ ಕೇಳಿದೆ.

"ಇತ್ತಪ್ಪ. ಈಗ್ಲೂ ಐತೆ. ಲಾರಿ ಹಿಂದೆ ಕಟ್ಟಿದೀನಿ ನೋಡು. ಬೆಳಕು ಬಿದ್ರೆ ಮಿಂಚ್ತೈತೆ, ಹಿಂದಿನ ಗಾಡಿಯೋರಿಗೆ ಕಾಣ್ತೈತೆ."

ನಾನೂ ನನ್ನ ಹೆಂಡತಿಯೂ ಹೊರಗೆ ಬಂದೆವು. ಲಾರಿಯ ಹಿಂದೆ ಒಂದು ದಾರದಲ್ಲಿ ಅದು ನೇತಾಡುತ್ತಿತ್ತು. ಬಿಸಿಲು, ಮಳೆ, ಬೊಂಬಾಯಿ ರಸ್ತೆಯ ಧೂಳು ಎಲ್ಲ ಅದರ ಮೇಲೆ ಗೀಚಿದ್ದವು. ಕವುಚಿ ಹಾಕಿದರೂ ಇನ್ನು ಯಾವ ಡಬ್ಬವೂ ಅದನ್ನು ಓದಲಾರದು ಅಂತ ನೋಡಿದ ಕೂಡಲೇ ತಿಳಿಯಿತು. ಕೇಳಿದ್ದರೆ ಬಿಚ್ಚಿ ಕೊಡುತ್ತಿದ್ದ. ಕೇಳಬೇಕೆನಿಸಲಿಲ್ಲ. ಲಾರಿ ಹೊರಟಿತು. ನಮ್ಮ ಗಾಳಿಗೆ ಅದು ಗಿರಗಿರ ತಿರುಗಿ, ಕೆಂಪು, ಹಳದಿ, ಹಸಿರು, ನೀಲಿ, ನನಗೆ ಓದಲು ಬರುವ ಬಣ್ಣಗಳನ್ನೆಲ್ಲ ರಸ್ತೆಯ ಮೇಲೆ ಚೆಲ್ಲುತ್ತಾ ಹೆದ್ದಾರಿಯ ಕಡೆ ಹೋಯಿತು.

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾ ನಿಂತಿದ್ದಳು.

"ಅದ್ರೊಳಗೆ ಅವ್ನಿಗೆ ಬಾಗ್ಲು ಸಿಗುತ್ತಾ?"

"ನಾಕನೇದು" ಅಂದೆ.